ಎಸ್.ಎಂ.ಆರ್. ಹಳಿ ಹುಡುಕಿಕೊಂಡು ನಾಲ್ಕು ದಿನ

ಮೊದಲ ದಿನ: ಹುಬ್ಬಳ್ಳಿ

ಬೆಳಗಿನ ಆರಕ್ಕೆ ಹುಬ್ಬಳ್ಳಿಯಲ್ಲಿ ಇಳಿದೆ. ಆಷಾಢದ ಜಿಟಿಜಿಟಿ ಮಳೆ. ಬರಬೇಡಿ ಅಂತ ಎಷ್ಟು ಹೇಳಿದರೂ ಕೇಳದೆ ಮಾಮಾ ಕೊಡೆ ಹಿಡಿದುಕೊಂಡು ಸ್ಟೇಷನ್ನಿಗೇ ಬಂದಿದ್ದರು. ವಯಸ್ಸು ಎಂಬತ್ತು. ನಡಿಗೆ ಮಾತ್ರ ಇನ್ನೂ ಡ್ಯೂಟಿಗೆ ಹೊರಟವರ ಹಾಗೆ.

“ಏನಲೇ ಅಳಿಯಾ, ಹಳಿ ತುಂಡು ನೋಡಾಕ ಬೆಂಗಳೂರಿಂದ ಬಂದೆಲ್ಲೋ. ಅಲ್ಲಿ ಹಳಿ ಇಲ್ಲೇನು?”

ಇದಕ್ಕೊಂದು ಕಥೆ ಇದೆ. ಅವ್ವನ ಅಪ್ಪ, ಅಂದರೆ ನಮ್ಮ ಅಜ್ಜ, ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಅವರ ಮನೆಯ ಹಿತ್ತಲಲ್ಲಿ ಎಮ್ಮೆ ಕಟ್ಟುವ ಚಪ್ಪರಕ್ಕೆ ತೊಲೆಯಾಗಿ ಹಾಕಿದ್ದು ಹರಾಜಿನಲ್ಲಿ ಕೊಂಡ ಒಂದು ಹಳೇ ರೈಲು ಹಳಿ. ಅದರ ಪಕ್ಕದಲ್ಲಿ ಉಬ್ಬಿದ ಇಂಗ್ಲಿಷ್ ಅಕ್ಷರ ಇದ್ದವು: ಎಸ್.ಎಂ.ಆರ್. ಮುಂದೆ ಒಂದು ಇಸವಿ. ಸದರ್ನ್ ಮರಾಠಾ ರೈಲ್ವೆ ಅಂತ ಅದರ ಅರ್ಥ ಗೊತ್ತಾಗಿದ್ದು ದೊಡ್ಡವನಾದ ಮೇಲೆ. ಚಿಕ್ಕವನಿದ್ದಾಗ ಅಜ್ಜನ ಹೆಗಲ ಮೇಲೆ ಕೂತು ಆ ಅಕ್ಷರಗಳ ಮೇಲೆ ಬೆರಳಾಡಿಸುತ್ತಿದ್ದೆ. ಮನೆ ಮಾರಿದಾಗ ತೊಲೆ ಗುಜರಿಗೆ ಹೋಯಿತು. ಅದರ ಮೇಲಿದ್ದ ಇಸವಿ 1884 ಅಂತ ಮಾಮಾ, 1889 ಅಂತ ಅವ್ವ. ಅಕ್ಕ ತಮ್ಮನ ಈ ಜಗಳ ಮೂವತ್ತು ವರ್ಷದಿಂದ ನಡೆದೇ ಇದೆ. ಅಂಥದ್ದೇ ಇನ್ನೊಂದು ಹಳಿ ಎಲ್ಲಾದರೂ ಸಿಗುತ್ತದೇನೋ ನೋಡೋಣ ಅಂತ ಹೊರಟವನು ನಾನು.

ಅವಲಕ್ಕಿ ತಿಂದು ಚಹಾ ಕುಡಿದು ಗದಗ ರಸ್ತೆಗೆ ನಡೆದೆವು. ವರ್ಕ್‌ಶಾಪಿನ ಒಳಗೆ ಸುಮ್ನೆ ಹೋದರೆ ಬಿಡುವುದಿಲ್ಲ, ಮೊದಲೇ ಅನುಮತಿ ಬೇಕು. ಗೇಟಿನ ಎದುರು ನಿಂತೇ ನೋಡಿದೆವು. ಆ ಎಸ್.ಎಂ.ಆರ್. ಕಂಪನಿಯೇ ಇದನ್ನು ಶುರು ಮಾಡಿದ್ದು, 1885ರಲ್ಲಿ. ಹತ್ತಿ ವ್ಯಾಪಾರ, ನೇಕಾರಿಕೆ ಅಂತ ಇದ್ದ ಊರಿಗೆ ಆಮೇಲೆ ತಮಿಳರು, ತೆಲುಗರು, ಆಂಗ್ಲೋ ಇಂಡಿಯನ್ನರು ಎಲ್ಲ ಬಂದು ಸೇರಿದರು. ಇವತ್ತಿಗೂ ಆ ಕಡೆಯ ಓಣಿಗಳಲ್ಲಿ ನಡೆದರೆ ಒಂದು ಮನೆಯಿಂದ ತಮಿಳು, ಪಕ್ಕದ ಮನೆಯಿಂದ ಪಕ್ಕಾ ಹುಬ್ಬಳ್ಳಿ ಕನ್ನಡ ಕೇಳುತ್ತದೆ. ಎಷ್ಟೋ ಸಲ ಎರಡೂ ಒಂದೇ ಬಾಯಿಂದ ಬರುತ್ತವೆ.

“ಭೋಂಗಾ ಆತಂದ್ರ ಇಡೀ ಓಣಿ ಎದ್ದು ಕೂಡತಿತ್ತು,” ಅಂದರು ಮಾಮಾ, ವರ್ಕ್‌ಶಾಪಿನ ಸೈರನ್ ನೆನೆಸಿಕೊಂಡು. “ನಮ್ಮವ್ವ ಅನ್ನಕ್ಕ ಇಡಾಕ ಗಡಿಯಾರ ನೋಡಿದಾಕಿನ ಅಲ್ಲ.”

ಅಜ್ಜ ಕೆಲಸಕ್ಕೆ ಸೇರಿದ್ದು ಕಂಪನಿ ಕಾಲದಲ್ಲಿ. ಆಗಲೇ ಅದರ ಹೆಸರು ಎಂ ಅಂಡ್ ಎಸ್.ಎಂ. ಆಗಿತ್ತು. 1908ರಲ್ಲಿ ಮದ್ರಾಸ್ ರೈಲ್ವೆ ಜೊತೆ ಕೂಡಿಕೊಂಡು ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ. 1944ರಲ್ಲಿ ಅದು ಸರ್ಕಾರದ ಕೈಗೆ ಬಂತು, 1951ರಲ್ಲಿ ದಕ್ಷಿಣ ರೈಲ್ವೆಯಲ್ಲಿ ಸೇರಿಹೋಯಿತು. ಮಾಮಾ ಸೇರಿದ್ದು 1965ರಲ್ಲಿ, ದಕ್ಷಿಣ ರೈಲ್ವೆಗೆ. ಮರುವರ್ಷ ಅಕ್ಟೋಬರಿನಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿ ಹುಬ್ಬಳ್ಳಿ ಅದಕ್ಕೆ ಹೋಯಿತು. 2003ರಲ್ಲಿ ನೈರುತ್ಯ ರೈಲ್ವೆ. 2005ರಲ್ಲಿ ಮಾಮಾ ರಿಟೈರಾದರು.

“ಅದ ಗೇಟು, ಅದ ಬುತ್ತಿ ಡಬ್ಬಿ. ಪಗಾರ ಚೀಟಿ ಮ್ಯಾಲಿನ ಹೆಸರಷ್ಟ ಬ್ಯಾರೆ.”

ಊಟ ಮುಗಿಸಿ ರೈಲ್ವೆ ಮ್ಯೂಸಿಯಂ. ಅದೂ ಗದಗ ರಸ್ತೆಯಲ್ಲೇ, ರೈಲ್ವೆ ಆಸ್ಪತ್ರೆಯ ಎದುರು. 2020ರಲ್ಲಿ ತೆರೆದದ್ದು. ಹಳೇ ಕಾಲದ ಎರಡು ಮನೆಗಳಿಗೆ ಮಲಪ್ರಭಾ, ಘಟಪ್ರಭಾ ಅಂತ ಹೆಸರಿಟ್ಟು ಹಳೇ ಸಾಮಾನು ಜೋಡಿಸಿದ್ದಾರೆ. ರಜೆ ಯಾವತ್ತು ಅಂತ ಕೇಳಿಕೊಂಡು ಹೋಗಿ, ಮಕ್ಕಳಿದ್ದರೆ ಬಿಸಿಲಿಳಿದ ಮೇಲೆ ಹೋಗಿ. ಅಲ್ಲಿ ಮಾಮಾ ನನಗೆ ಮೀಟರ್ ಗೇಜ್ ಅಂದರೆ ಏನು ಅಂತ ತೋರಿಸಿದ ರೀತಿ ಯಾವ ಫಲಕದಲ್ಲೂ ಇಲ್ಲ. ಕಾಲು ಅಗಲ ಮಾಡಿ ನಿಂತರು. “ಇದು ನಮ್ಮ ಹಳೇ ಲೈನು, ಸಾವಿರ ಮಿಲಿಮೀಟರ್. ಇನ್ನ ಬ್ರಾಡ್ ಗೇಜ್, 1676.” ಅಂತ ಹೇಳಿ ಕಾಲನ್ನು ಇನ್ನೂ ಅಗಲಿಸಲು ಹೋಗಿ ಜಾರಿದರು. ನಾನು ಹಿಡಿದುಕೊಂಡೆ. ಸೆಕ್ಯುರಿಟಿಯವರು ಓಡಿ ಬಂದು ಕುರ್ಚಿ ಕೊಟ್ಟರು. ಕುರ್ಚಿಯಲ್ಲಿ ಕೂತೇ ಅವರಿಗೂ ಗೇಜ್ ಪಾಠ ಆಯಿತು.

ರಾತ್ರಿ ಸಾವಜಿ ಖಾನಾವಳಿ. ಆ ಖಾರ ಗೊತ್ತಿಲ್ಲದವರು ಮೊದಲೇ ಮೊಸರು ಹೇಳಿಟ್ಟುಕೊಳ್ಳುವುದು ಒಳ್ಳೆಯದು. ನಾನು ಹೇಳಿರಲಿಲ್ಲ.

ಎರಡನೇ ದಿನ: ಧಾರವಾಡ

ಚಿಗರಿ ಬಸ್ಸಿನಲ್ಲಿ ಧಾರವಾಡ ಇಪ್ಪತ್ತು ಕಿಲೋಮೀಟರ್. ಮಾಮಾಗೆ ಮೊಣಕಾಲು ಹಿಡಿದಿತ್ತು, ನಾನೊಬ್ಬನೇ ಹೋದೆ. ನವಲೂರು ದಾಟಿದ ಮೇಲೆ ಮಳೆಯ ಸ್ವಭಾವವೇ ಬದಲಾಗುತ್ತದೆ. ಹುಬ್ಬಳ್ಳಿಯಲ್ಲಿ ಬಂದು ಹೋಗುತ್ತದೆ, ಧಾರವಾಡದಲ್ಲಿ ಬಂದು ಕೂರುತ್ತದೆ.

ಕರ್ನಾಟಕ ಕಾಲೇಜು ನೋಡಬೇಕಿತ್ತು. ಈ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಹೆಡ್ ಆಫೀಸ್ ಆಗಿತ್ತು ಅಂತ ಎಷ್ಟು ಜನಕ್ಕೆ ಗೊತ್ತೋ. ಕಂಪನಿ 1882ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಇಲ್ಲಿನ ಕಾರಭಾರಕ್ಕೆ ಧಾರವಾಡವನ್ನು ಆರಿಸಿಕೊಂಡಿತು. 1908ರಲ್ಲಿ ಮದ್ರಾಸಿನೊಂದಿಗೆ ಕೂಡಿದ ಮೇಲೆ ಹೆಡ್ ಆಫೀಸ್ ಅಲ್ಲಿಗೆ ಹೋಯಿತು. ಇತ್ತ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಓಡಾಡಿ 1917ರಲ್ಲಿ ಕಾಲೇಜು ಶುರು ಮಾಡಿಸಿದರು. ಆಮೇಲೆ ಕಾಲೇಜು ಈ ಕಟ್ಟಡಕ್ಕೆ ಬಂತು. ರೈಲು ಹೋಗಿ ಕಾಲೇಜು ಬಂದದ್ದು ಧಾರವಾಡಕ್ಕೆ ಲಾಭವೇ ಆಯಿತು ಅಂತ ನನ್ನ ಅನಿಸಿಕೆ. ಹುಬ್ಬಳ್ಳಿಯವರು ಒಪ್ಪಲಿಕ್ಕಿಲ್ಲ.

ವರಾಂಡದಲ್ಲಿ ಮಳೆಗೆ ನಿಂತಿದ್ದ ಹುಡುಗನೊಬ್ಬನಿಗೆ ಹೇಳಿದೆ. “ಹೌದೇನ್ರಿ ಸರ? ನಮ್ಮ ಕ್ಲಾಸ್‌ರೂಮಿನ್ಯಾಗ ಟಿಕೆಟ್ ಕೊಡತಿದ್ರೇನ್ರಿ?” ಅಂದ. ಟಿಕೆಟ್ ಅಲ್ಲ, ಲೆಕ್ಕಪತ್ರ, ಟೈಮ್ ಟೇಬಲ್ಲು, ಯಾರನ್ನು ಎಲ್ಲಿಗೆ ಎತ್ತಿ ಹಾಕಬೇಕು ಅನ್ನೋದು ಅಂದೆ. “ಹಂಗಾರ ಈಗೂ ಅದ ನಡದೈತ್ರಿ,” ಅಂತ ನಕ್ಕ. ಅವನೇ ಮತ್ತೆ ಕೇಳಿದ್ದು ಒಳ್ಳೆಯ ಪ್ರಶ್ನೆ. ಧಾರವಾಡದಲ್ಲಿ ಆಫೀಸು, ಹುಬ್ಬಳ್ಳಿಯಲ್ಲಿ ಕಾರ್ಖಾನೆ, ಗದಗ ವಿಜಾಪುರಕ್ಕೆ ಲೈನು. ಹೆಸರು ಮಾತ್ರ ಮರಾಠಾ ಯಾಕೆ?

ಬ್ರಿಟಿಷರು ಈ ಸೀಮೆಯನ್ನು ಕರೆಯುತ್ತಿದ್ದದ್ದೇ ಹಾಗೆ. ಪೇಶ್ವೆಗಳ ಕೈಕೆಳಗಿದ್ದ, ಪಟವರ್ಧನರಂಥ ಸಂಸ್ಥಾನಿಕರಿದ್ದ ಪ್ರದೇಶ ಅಂತ ಕೃಷ್ಣೆಯಿಂದ ಈ ಕಡೆಯ ಕನ್ನಡ ನಾಡೂ ಅವರಿಗೆ ದಕ್ಷಿಣ ಮರಾಠಾ ದೇಶ. ಆ ಹೆಸರು ಎಂಜಿನ್ನಿನ ಮೇಲೆ, ಹಳಿಯ ಮೇಲೆ ಎಲ್ಲ ಕಡೆ ಓಡಾಡಿತು. ಅದೇ ಧಾರವಾಡದಲ್ಲಿ, ಅದೇ ಕಾಲದಲ್ಲಿ, 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ರಾ.ಹ. ದೇಶಪಾಂಡೆಯವರು ಕನ್ನಡಕ್ಕಾಗಿ ಸಂಘ ಕಟ್ಟುವಾಗ ಊರ ಇನ್ನೊಂದು ಕಡೆ ಕಂಪನಿಯ ಗುಮಾಸ್ತರು ಕಾಗದದ ತಲೆಯ ಮೇಲೆ ದಿನಕ್ಕೆ ನೂರು ಸಲ ಮರಾಠಾ ಅಂತ ಬರೆಯುತ್ತಿದ್ದರು. ಒಂದೇ ಮಳೆಯಲ್ಲಿ ಎರಡು ಕೊಡೆ.

ಹಳಿ? ಒಂದು ಕಾಂಪೌಂಡಿನ ಬೇಲಿ ಕಂಬಗಳು ಹಳೇ ಹಳಿಗಳೇ ಆಗಿದ್ದವು. ಆದರೆ ವರ್ಷ ವರ್ಷ ಬಳಿದ ಬಣ್ಣ ಎಷ್ಟು ದಪ್ಪ ಅಂದರೆ ಉಗುರಲ್ಲಿ ಕೆರೆದರೆ ಕೆಳಗೆ ಹಸಿರು, ಅದರ ಕೆಳಗೆ ಬಿಳಿ, ಅದರ ಕೆಳಗೆ ಮತ್ತೆ ಹಸಿರು. ಐದನೇ ಪದರಕ್ಕೆ ವಾಚ್‌ಮನ್ ಬಂದರು. “ಯಾಕ್ರೀ ಯಜಮಾನ್ರ, ಗೋಡಿ ಕೆರ್ಯಾಕ ಹತ್ತೀರಿ?” ಕಾರಣ ಹೇಳಿದರೆ ಇನ್ನೂ ಅನುಮಾನ ಬರುತ್ತಿತ್ತು. ಕೈ ಒರೆಸಿಕೊಂಡು ಲೈನ್ ಬಜಾರಿಗೆ ಹೋಗಿ ಫೇಡೆ ಸಾಲಿನಲ್ಲಿ ನಿಂತೆ. ಮಧ್ಯಾಹ್ನ ತಡವಾಗಿ ಹೋದರೆ ಮುಗಿದುಹೋಗಿರುತ್ತದೆ. ನನ್ನ ಹಿಂದೆ ನಿಂತವರಿಗೆ ಸಿಗಲಿಲ್ಲ, ಅವರ ಮುಖ ನೋಡಲಾಗದೆ ಎರಡು ಫೇಡೆ ಕೊಟ್ಟೆ.

ಮೂರನೇ ದಿನ: ಅಣ್ಣಿಗೇರಿ, ಗದಗ

ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್. 2023ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು, ಜಗತ್ತಿನಲ್ಲೇ ಉದ್ದದ್ದು. ಅದನ್ನೊಮ್ಮೆ ತುದಿಯಿಂದ ತುದಿಗೆ ನಡೆಯಬೇಕು ಅಂತ ಬುದ್ಧಿವಂತಿಕೆ ಮಾಡಿದೆ. ಆ ತುದಿ ತಲುಪಿ ಫೋಟೋ ತೆಗೆಯುವಾಗ ಗದಗಿನ ರೈಲು ಹೊರಡುವ ಹೊತ್ತಾಗಿತ್ತು, ಅದು ನಿಂತದ್ದು ಬೇರೆ ಕಡೆ. ಓಡಿದೆ. ಒಂದೂವರೆ ಕಿಲೋಮೀಟರ್ ಓಡಿ ರೈಲು ಹಿಡಿಯುವ ವಯಸ್ಸು ನನ್ನದಲ್ಲ. ರೈಲಿನ ಕಥೆ ಹುಡುಕಿ ಹೊರಟವನು ಬಸ್ಸಿನಲ್ಲಿ ಹೋದೆ.

ಅಣ್ಣಿಗೇರಿಯಲ್ಲಿ ಇಳಿದೆ. ಪಂಪನ ಊರು, ಅಮೃತೇಶ್ವರ ಗುಡಿ ಇದೆ, ನೋಡದೆ ಹೋಗುವುದು ತಪ್ಪು. ಗುಡಿಯಿಂದ ಸ್ಟೇಷನ್ ಕಡೆ ಹೊರಟವನಿಗೆ ಹೊಲದ ಬದುವಿನ ಮೇಲೆ ಹಾಯ್ದರೆ ಹತ್ತಿರ ಅನ್ನಿಸಿತು. ಹತ್ತು ಹೆಜ್ಜೆ ಇಟ್ಟಿರಬೇಕು. ಎರೆಮಣ್ಣು ಬೂಟಿಗೆ ಹತ್ತಿಕೊಂಡಿತು. ಹತ್ತಿಕೊಂಡಿತು ಅನ್ನುವುದಕ್ಕಿಂತ ಬೂಟು ಮಣ್ಣಿಗೆ ಸೇರಿತು. ಒಂದೊಂದು ಕಾಲೂ ಎರಡೆರಡು ಕಿಲೋ. ಎಡಗಾಲು ಎತ್ತಿದರೆ ಕಾಲು ಬಂತು, ಬೂಟು ಬರಲಿಲ್ಲ.

ಹೆಸರಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹಿರಿಯರೊಬ್ಬರು ಬಂದು ಬೂಟು ಕಿತ್ತು ಕೊಟ್ಟರು. “ಎರಿ ಹೊಲಕ್ಕ ಮಳ್ಯಾಗ ಬರಿಗಾಲಾಗ ಬರಬೇಕ್ರಿ. ಬೇಸಿಗ್ಯಾಗ ಕಾಲ ಸಿಗಬೀಳುವಷ್ಟು ಬಿರೀತೈತಿ, ಮಳಿ ಬಿತ್ತಂದ್ರ ಉಬ್ಬತೈತಿ.” ಇದೇ ಮಣ್ಣಿನ ಮೇಲೆ ಕಂಪನಿ ಹಳಿ ಹಾಸಿದ್ದು. ಒಣಗಿದರೆ ಬಿರಿಯುವ, ನೆನೆದರೆ ಉಬ್ಬುವ ಮಣ್ಣಿನ ಏರಿ ಮೇಲೆ ಹಳಿ ಸಮ ಇಡುವುದು ಇವತ್ತಿಗೂ ಎಂಜಿನಿಯರುಗಳಿಗೆ ತಲೆನೋವು. ನನ್ನ ಬೂಟು ಅದನ್ನು ಅರ್ಧ ನಿಮಿಷದಲ್ಲಿ ಕಲಿಯಿತು.

ಬದುವಿನ ಮೇಲೆ ಕೂತು ಅವರು ಬುತ್ತಿ ಬಿಚ್ಚಿದರು. ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ. ಅರ್ಧ ರೊಟ್ಟಿ ನನಗೆ. ಯಾಕೆ ಬಂದದ್ದು ಅಂತ ಹೇಳಿದೆ. ಹಳಿ ಗಿಳಿ ಗೊತ್ತಿಲ್ಲ, ಆದರೆ ರೈಲು ಬಂದದ್ದು ಬರಗಾಲಕ್ಕೆ ಅಂತ ನಮ್ಮಜ್ಜ ಹೇಳತಿದ್ದ ಅಂದರು.

ಅಜ್ಜ ಹೇಳಿದ್ದು ಸರಿ. ಧಾತು ಸಂವತ್ಸರದಿಂದ ಈಶ್ವರ ಸಂವತ್ಸರದವರೆಗೆ, 1876ರಿಂದ 78, ಈ ಸೀಮೆಯಲ್ಲಿ ಜನ ಹುಳುಗಳಂತೆ ಸತ್ತರು. ಬೇರೆ ಕಡೆ ಕಾಳು ಇತ್ತು, ತರಲು ದಾರಿ ಇರಲಿಲ್ಲ. ಎತ್ತಿನ ಗಾಡಿಯಲ್ಲಿ ತರೋಣ ಅಂದರೆ ಎತ್ತಿಗೂ ಮೇವಿಲ್ಲ. 1880ರ ಬರಗಾಲ ಆಯೋಗ ದೇಶಕ್ಕೆ ತುರ್ತಾಗಿ 5000 ಮೈಲಿ ರೈಲು ಬೇಕು ಅಂದಿತು. ಎರಡು ವರ್ಷಕ್ಕೆ ಈ ಕಂಪನಿ. ಖರ್ಚು ಕಡಿಮೆ ಅಂತ ಮೀಟರ್ ಗೇಜ್. ಸೊಲ್ಲಾಪುರದ ಹತ್ತಿರ ಹೊಟಗಿಯಿಂದ ವಿಜಾಪುರ, ಬಾಗಲಕೋಟೆ ಹಾಯ್ದು ಗದಗಿಗೆ ಒಂದು ಲೈನು. ಬಳ್ಳಾರಿ, ಹೊಸಪೇಟೆ ಕಡೆಯಿಂದ ಇನ್ನೊಂದು. ಗದಗಿನಿಂದ ಹುಬ್ಬಳ್ಳಿ, ಧಾರವಾಡ, ಲೋಂಡಾ. 1888ರ ಹೊತ್ತಿಗೆ ಕ್ಯಾಸಲ್‌ರಾಕ್ ಘಟ್ಟದಲ್ಲಿ ಪೋರ್ಚುಗೀಸರ ಲೈನಿಗೆ ಕೂಡಿ ಮರ್ಮಗೋವಾ ಬಂದರಿನವರೆಗೆ ದಾರಿ ಆಯಿತು.

ಬರಗಾಲಕ್ಕೆ ಕಾಳು ತರುವ ರೈಲು ಬಂದರಿಗೆ ಯಾಕೆ ಹೋಗಬೇಕು ಅಂತ ಕೇಳಿದರೆ ಉತ್ತರ ಅದೇ ಹೊಲದಲ್ಲಿದೆ. ಹತ್ತಿ. ಅದಕ್ಕೆ ಮೊದಲು ಧಾರವಾಡ ಜಿಲ್ಲೆಯ ಹತ್ತಿ ಗಾಡಿಯಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗಿ, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಬೆಳೆದದ್ದು ಇಲ್ಲಿ, ಪೇಟೆಯಲ್ಲಿ ಹೆಸರು ಕುಮಟಾ ಹತ್ತಿ! ರೈಲು ಬಂದ ಮೇಲೆ ಹತ್ತಿ ಅಂಡಿಗೆಗಳು ರೈಲು ಹತ್ತಿದವು. ಕುಮಟೆ ಬಂದರು ಬಡವಾಯಿತು, ಗದಗ ಬೆಳೆಯಿತು. ತಾನೇ ಬೆಳೆಯದ ಹತ್ತಿಗೆ ಹೆಸರು ಕೊಟ್ಟ ಕುಮಟೆಯವರಿಗೆ ಈ ಕಂಪನಿ ಮೇಲೆ ಸಿಟ್ಟಿದ್ದರೆ ತಪ್ಪಿಲ್ಲ.

ಗದಗ ಮುಟ್ಟಿದಾಗ ಮಳೆ ಇಲ್ಲ, ಗಾಳಿ. ಕಪ್ಪತಗುಡ್ಡದ ಕಡೆಯಿಂದ ಬರುವ ಆ ಗಾಳಿಗೆ ಕೊಡೆ ತೆಗೆಯುವ ಧೈರ್ಯ ಮಾಡಬೇಡಿ. ಸ್ಟೇಷನ್ ಹೊರಗೆ ಗಾಡಿಯ ಮೇಲೆ ಬದನೆಕಾಯಿ ಬಜಿ ಕರಿಯುತ್ತಿದ್ದರು. ಬದನೆಕಾಯಿ ಸೀಳಿ, ಒಳಗೆ ಖಾರ ತುಂಬಿ, ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಕಾಗದದಲ್ಲಿ ಹಿಡಿದು ತಿನ್ನುತ್ತಾ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆ. 1933ರಲ್ಲಿ ಈ ಊರಿನ ಮಾಸ್ತರರೊಬ್ಬರ ಮಗ, ಹನ್ನೊಂದು ವರ್ಷದ ಹುಡುಗ, ಹಾಡು ಕಲಿಯಬೇಕು ಅಂತ ಮನೆ ಬಿಟ್ಟು ರೈಲು ಹತ್ತಿದ. ಟಿಕೆಟ್ ಇಲ್ಲ. ಟಿಕೆಟ್ ಕೇಳಿದವರಿಗೆ ಹಾಡಿ ತೋರಿಸುತ್ತಾ ಹೋದ. ವಿಜಾಪುರ, ಪುಣೆ, ಕಡೆಗೆ ಗ್ವಾಲಿಯರ್. ಹೆಸರು ಭೀಮಸೇನ ಜೋಶಿ. ಬರಗಾಲ, ಹತ್ತಿ ಅಂತ ಲೆಕ್ಕ ಹಾಕಿದ ಲಂಡನ್ನಿನ ಡೈರೆಕ್ಟರುಗಳ ಯಾವ ಪುಸ್ತಕದಲ್ಲೂ ಈ ಪ್ರಯಾಣಿಕ ಇಲ್ಲ, ಟಿಕೆಟ್ಟೇ ಇರಲಿಲ್ಲವಲ್ಲ.

ಬೆಟಗೇರಿಯ ಒಂದು ಶಾಲೆಯಲ್ಲಿ ಗಂಟೆ ಬದಲು ಹಳಿ ತುಂಡು ತೂಗುಹಾಕಿದ್ದಾರೆ ಅಂತ ಬಜಿಯವರು ಹೇಳಿದರು. ಹೋದೆ. ಇತ್ತು. ಶಾಲೆ ಬಿಡುವ ಹೊತ್ತು. ಅಕ್ಷರ ಇರಬೇಕಾದ ಜಾಗದಲ್ಲೇ ಇಷ್ಟು ವರ್ಷ ಸುತ್ತಿಗೆ ಬಿದ್ದು ಕನ್ನಡಿಯಂತೆ ನುಣುಪಾಗಿತ್ತು. ಬಾರಿಸಲು ನನಗೆ ಕೊಟ್ಟರು. ಬಾರಿಸಿದೆ. ಅಷ್ಟು ಮಕ್ಕಳ ಸಂತೋಷಕ್ಕೆ ನಾನೊಬ್ಬನೇ ಕಾರಣ ಆದದ್ದು ಜೀವನದಲ್ಲಿ ಅದೇ ಮೊದಲು.

ನಾಲ್ಕನೇ ದಿನ: ಕುಂದಗೋಳ, ಹಾವೇರಿ

ಮಾಮಾನ ಮೊಣಕಾಲು ಸರಿಯಾಗಿತ್ತು. ಅಥವಾ ಸರಿಯಾಗಿದೆ ಅಂತ ಅವರು ಹೇಳಿದರು. ಬೆಳಗಿನ ಪ್ಯಾಸೆಂಜರಿನಲ್ಲಿ ಕಿಟಕಿ ಪಕ್ಕ ಕೂತುಕೊಂಡು, ಜೇಬಿನಿಂದ ಶೇಂಗಾ ತೆಗೆದು, ಸಿಪ್ಪೆಯನ್ನು ಮಾತ್ರ ಇನ್ನೊಂದು ಜೇಬಿಗೆ ಹಾಕಿಕೊಳ್ಳುತ್ತಾ ಬಂದರು.

ಕುಂದಗೋಳ ಬಂತು. ಇದು ಸವಾಯಿ ಗಂಧರ್ವರ ಊರು. ಅವರ ಹತ್ತಿರ ಕಲಿಯಲು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ಇದೇ ಲೈನಿನಲ್ಲಿ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಗ್ವಾಲಿಯರ್ ಅಂತ ಎಲ್ಲ ಸುತ್ತಿದ ಭೀಮಸೇನರೂ ಕಡೆಗೆ ಬಂದು ಕಲಿತದ್ದು ಇಲ್ಲೇ. ಗದಗಿನಿಂದ ಕೈಗೆ ಸಿಗುವ ದೂರದಲ್ಲಿ ಗುರು ಇದ್ದರು, ಹುಡುಗ ಅರ್ಧ ದೇಶ ಸುತ್ತಿ ಬಂದ. ಇಳಿದು ನಾಡಿಗೇರ ವಾಡೆ ನೋಡಿ ಮುಂದಿನ ಗಾಡಿಗೆ ಹೋಗೋಣ ಅಂದೆ. “ಮುಂದಿನ ಗಾಡಿ ಯಾವಾಗೈತಿ ಗೊತ್ತೇನು? ಸುಮ್ನ ಕುಂದ್ರು,” ಅಂದರು ಮಾಮಾ. ಈ ಲೈನಿನಲ್ಲಿ ಸಣ್ಣ ಸ್ಟೇಷನ್ನಿಗೆ ಇಳಿಯುವವರು ವಾಪಸ್ ಗಾಡಿ ಸಮಯ ನೋಡಿಕೊಂಡೇ ಇಳಿಯಬೇಕು, ಅದು ನಿಜ.

ಗುಡಗೇರಿ, ಯಲವಿಗಿ. ಎಡಬಲ ಹಸಿರು. ಕರಜಗಿ ಹತ್ತಿರ ವರದಾ ನದಿ, ಕೆಂಪು ನೀರು ತುಂಬಿ ಹರಿಯುತ್ತಿತ್ತು. ಸೇತುವೆ ಮೇಲೆ ಗಾಡಿಯ ಸದ್ದು ಬದಲಾದ ಕೂಡಲೇ ಮಾಮಾ ಶೇಂಗಾ ನಿಲ್ಲಿಸಿ ಕಿವಿ ಕೊಟ್ಟರು. ಮೀಟರ್ ಗೇಜಿನ ಸದ್ದು ಬೇರೆ ಇತ್ತಂತೆ. ತೊಂಬತ್ತರ ದಶಕದಲ್ಲಿ ಲೈನು ಅಗಲ ಆದಮೇಲೆ ಆ ತಾಳ ಹೋಯಿತಂತೆ.

ಹಾವೇರಿ ಸ್ಟೇಷನ್ನಿಗೆ ಈಗ ಮೈಲಾರ ಮಹಾದೇವಪ್ಪನವರ ಹೆಸರು. ಹತ್ತಿರದ ಮೋಟೆಬೆನ್ನೂರಿನವರು, ಹದಿಹರೆಯದಲ್ಲೇ ಗಾಂಧೀಜಿ ಜೊತೆ ದಂಡಿಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ಕ್ವಿಟ್ ಇಂಡಿಯಾ ಕಾಲದಲ್ಲಿ ಕರ್ನಾಟಕದ ಎಷ್ಟೋ ಸ್ಟೇಷನ್‌ಗಳಿಗೆ ಬೆಂಕಿ ಬಿದ್ದಿತ್ತು, ತಂತಿ ಕಡಿದಿದ್ದರು. ಆಗ ಇದು ಕಂಪನಿಯ ಲೈನು. ಅವರು ತೀರಿಕೊಂಡ ಮರುವರ್ಷವೇ, ಅದೂ ಏಪ್ರಿಲ್ 1ಕ್ಕೇ, ಸರ್ಕಾರ ಕಂಪನಿಯನ್ನು ವಶಕ್ಕೆ ತೆಗೆದುಕೊಂಡಿತು.

ಊರಲ್ಲಿ ಪುರದ ಸಿದ್ಧೇಶ್ವರ ಗುಡಿ ನೋಡಿದೆವು. ಅವ್ವನಿಗೆ ಒಂದು ಏಲಕ್ಕಿ ಹಾರ ತೆಗೆದುಕೊಂಡೆ. ಮಳೆ ಜೋರಾಯಿತು. ಒಂದು ಚಹಾ ಅಂಗಡಿಗೆ ನುಗ್ಗಿದೆವು. ಮಿರ್ಚಿ, ಮಂಡಕ್ಕಿ ಒಗ್ಗರಣೆ ಹೇಳಿ, ಅಂಗಡಿ ಮುಂದಿನ ಗಟಾರದ ಮೇಲೆ ಕಾಲಿಟ್ಟು ನಿಂತಿದ್ದೆ. ಮಾಮಾ ನನ್ನ ಕಾಲನ್ನೇ ನೋಡುತ್ತಿದ್ದರು.

“ಕಾಲ ತಗಿ.”

ಗಟಾರದ ಮೇಲೆ ಅಡ್ಡ ಮಲಗಿಸಿದ್ದು ಎರಡು ಹಳಿ ತುಂಡು. ಮಾಮಾ ಬಗ್ಗಿ ಗೇಣಿನಲ್ಲಿ ಅಳೆದರು. ಈಗಿನ ಹಳಿ ಮೀಟರಿಗೆ 60 ಕಿಲೋ, ಇದು ಅದರ ಅರ್ಧಾನೂ ಇಲ್ಲ, ಮೀಟರ್ ಗೇಜಿಂದ, ಬಾಳ ಹಳೇದು ಅಂದರು. ದಪ್ಪ ಹಳಿ ಹಾಕಿದಾಗ ಕಿತ್ತ ಸಣ್ಣ ಹಳಿಗಳೇ ಹೀಗೆ ಕಂಬ, ತೊಲೆ, ಗಟಾರ ಸೇರಿದ್ದು. ನಾನು ಎರಡು ರೂಪಾಯಿ ನಾಣ್ಯದಲ್ಲಿ ಕೆಸರು ಕೆರೆದೆ. ಉಬ್ಬಿದ ಅಕ್ಷರ ಸಿಕ್ಕಿತು. ಎಂ. ಆಮೇಲೆ ಆರ್. ಮುಂದೆ ಒಂದು, ಎಂಟು, ಎಂಟು. ಕೊನೆಯ ಅಂಕಿ ತುಕ್ಕು ತಿಂದಿತ್ತು. ಮೇಲೆ ಏನೋ ಉಳಿದಿತ್ತು, ಕೆಳಗೆ ಒಂದು ಕಡ್ಡಿ.

“ನಾಕು,” ಅಂದರು ಮಾಮಾ.

ಅವ್ವನಿಗೆ ವಿಡಿಯೋ ಕಾಲ್ ಹಚ್ಚಿದೆ. ಮೊಬೈಲನ್ನು ಗಟಾರದ ಹತ್ತಿರ ಹಿಡಿದೆ. “ಒಂಬತ್ತು ಅಲ್ಲೇನೋ ಅದು! ಬಾಲ ಕಾಣಾಕತ್ತೇತಿ ನೋಡು,” ಅಂತ ಅವ್ವ. “ಅಕ್ಕಾ, ನಿನಗ ಕಣ್ಣು ಕಾಣೂದಿಲ್ಲ,” ಅಂತ ಮಾಮಾ. “ನಿನಗ ಯಾವಾಗ ಕಂಡಾವು?” ಅಂತ ಅವ್ವ.

ಅಂಗಡಿಯಾಕೆ ಎಂಜಲು ಗ್ಲಾಸು ತೊಳೆದ ನೀರಿನ ಬಕೆಟ್ ಹಿಡಿದು ಕಾಯುತ್ತಾ ನಿಂತಿದ್ದರು. “ರೊಕ್ಕ ಬಿದ್ದೈತೇನ್ರಿ? ಸಿಗಲಿಲ್ಲಂದ್ರ ಸರೀರಿ ಅತ್ಲಾಗ, ನೀರ ಚೆಲ್ಲಬೇಕು.”